ಬಂಡೆ ಹತ್ತುವ ಆಮೆ

ಫೆಬ್ರವರಿ 9

ಅತ್ತಿಗೆ,

ಕ್ಷೇಮ ಅಂತ ಬರೆಯೋಣ ಅಂತ ಪೆನ್ನು ಹಿಡಿದೆ, ಕೈ ಓಡಲಿಲ್ಲ. ಅಮ್ಮ ಇದ್ದಾಳೆ, ನಾನಿದ್ದೇನೆ, ಮನೆ ನಿಂತಿದೆ. ಸದ್ಯಕ್ಕೆ ಇಷ್ಟು.

ನಿಮ್ಮ ಚೀಟಿ ಸಿಕ್ಕಿತು. "ಫೋನ್ ಮಾಡಬೇಡ ಬೋಲ್ಟು. ನಿನ್ನ ದನಿ ಥೇಟ್ ಅವರ ದನಿ. ನೀನು ಹಲೋ ಅಂದ ಕೂಡಲೇ ನನ್ನ ಕೈಕಾಲು ತಣ್ಣಗಾಗುತ್ತೆ" ಅಂತ ಬರೆದಿದ್ದೀರಿ. ಸರಿ, ಮಾಡಲ್ಲ. ಅಣ್ಣನ ದನಿಯೇ ನಿನಗೂ ಬಂದಿದೆ ಅಂತ ಚಿಕ್ಕಂದಿನಲ್ಲಿ ಯಾರಾದರೂ ಹೇಳಿದರೆ ನಾನು ಎದೆ ಉಬ್ಬಿಸುತ್ತಿದ್ದೆ. ಈಗ ಮನೆಯಲ್ಲಿ ಪಿಸುಗುಟ್ಟಿಕೊಂಡು ಓಡಾಡುತ್ತೇನೆ. ಜೋರಾಗಿ ಕೆಮ್ಮಿದರೂ ಅಮ್ಮ ಒಳಗಿಂದ "ಬಂದೆಯೇನೋ?" ಅಂತ ಎದ್ದು ಬರುತ್ತಾಳೆ. ನನ್ನನ್ನು ನೋಡಿ, "ಓ, ನೀನಾ" ಅಂತ ವಾಪಸ್ಸು ಹೋಗುತ್ತಾಳೆ.

ವಿಷಯಕ್ಕೆ ಬರುತ್ತೇನೆ. ಗಣಿ ಕುಸಿದು ಐದು ತಿಂಗಳಾಯಿತು. ಅಣ್ಣನೂ ಅವನ ಜೊತೆ ಕೆಲಸ ಮಾಡುತ್ತಿದ್ದ ಡ್ರಿಲ್ಲರ್ ತಾತನೂ ಒಳಗೇ ಉಳಿದರು. ಕಂಪನಿಯವರು ಎರಡು ವಾರ ಮೇಲಿಂದ ಕೊರೆದರು, ಆಮೇಲೆ ಗಣಿಯ ಬಾಯಿಗೆ ಕಬ್ಬಿಣದ ಬಾಗಿಲು ಹಾಕಿ ಬೀಗ ಜಡಿದರು. ಆದರೆ ಗುಡ್ಡದ ಕೆಳಮಗ್ಗುಲಲ್ಲಿ ಒಂದು ಹಳೆಯ ಪೈಪಿದೆ. ಒಳಗಿನ ನೀರನ್ನು ಹೊರಗೆ ಹಾಕಲು ಬಳಸುತ್ತಿದ್ದದ್ದು. ಬಕೆಟ್ಟಿನ ಬಾಯಷ್ಟು ಅಗಲ. ನಾನು ಹೋದ ವಾರ ಹೋಗಿ ನೋಡಿ ಬಂದೆ. ಅದು ನೇರವಾಗಿ ಅವರು ಕೆಲಸ ಮಾಡುತ್ತಿದ್ದ ಜಾಗಕ್ಕೇ ಹೋಗುತ್ತದೆ. ಆಗ ಅದರೊಳಗೆ ಕೋಲಿಗೆ ಕ್ಯಾಮೆರಾ ಕಟ್ಟಿ ತೂರಿಸಿದ್ದರಂತೆ. ಅರ್ಧದಲ್ಲಿ ಪೈಪು ಜಜ್ಜಿಹೋಗಿದೆ, ಮುಂದೆ ಬರೀ ಕಲ್ಲು ಅಂತ ಬಿಟ್ಟರಂತೆ.

ಕೋಲು ಬಂಡೆ ಹತ್ತುವುದಿಲ್ಲ ಅತ್ತಿಗೆ. ನನ್ನ ಗಾಡಿ ಹತ್ತುತ್ತದೆ.

ಭಾನುವಾರ ಭಾನುವಾರ ನಾನು ಅಣ್ಣ ಹೊಳೆಯ ಬಂಡೆಗಳ ಮೇಲೆ ಹತ್ತಿಸುತ್ತಿದ್ದ ರಿಮೋಟ್ ಗಾಡಿ ನೆನಪಿದೆಯಲ್ಲ? ನೀವು, "ಇಷ್ಟು ನಿಧಾನ ಹೋಗೋ ಗಾಡಿಗೆ ಇಬ್ಬರು ಗಂಡಸರು ಬೇಕಾ?" ಅಂತ ಕೇಳುತ್ತಿದ್ದಿರಿ. ಆ ಥರದ್ದೇ ರಾಕ್ ಕ್ರಾಲರ್ ಒಂದನ್ನು ಆ ಪೈಪಿನ ಅಳತೆಗೆ ಹೊಸದಾಗಿ ಕಟ್ಟಬೇಕು ಅಂತಿದ್ದೇನೆ. ಕ್ಯಾಮೆರಾ ಇಟ್ಟು ಒಳಗೆ ಬಿಡುತ್ತೇನೆ.

ನಿಮಗೆ ಹೇಳದೆ ಶುರು ಮಾಡಬಾರದು ಅನ್ನಿಸಿತು.

ನಿಮ್ಮ ಮೈದುನ,
ಬೋಲ್ಟು


ಫೆಬ್ರವರಿ 20

ಬೋಲ್ಟು,

ಬೇಡ.

ಯಾಕೆ ಅಂತ ಹೇಳದೆ ಬೇಡ ಅಂದರೆ ನೀನು ಕೇಳುವವನಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕಂಪನಿಯ ಎಂಜಿನಿಯರು ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕೂತು ಹೇಳಿದ್ದು ಎರಡೇ ಮಾತು. "ಒಂದೇ ಕ್ಷಣಮ್ಮ. ಅವರಿಗೆ ಗೊತ್ತೇ ಆಗಿರಲ್ಲ." ಇಲ್ಲಿ ನಾನು ಊಟ ಮಾಡುವುದು, ಮಲಗುವುದು, ಕೆಲಸಕ್ಕೆ ಹೋಗುವುದು ಎಲ್ಲ ಆ ಎರಡು ಮಾತಿನ ಮೇಲೆ. ನಿನ್ನ ಗಾಡಿ ಹೋಗಿ ಬೇರೆ ಏನಾದರೂ ನೋಡಿಕೊಂಡು ಬಂದರೆ ನಾನು ಏನು ಮಾಡಲಿ?

ಕೆಲಸ ಸಿಕ್ಕಿದೆ. ಕನ್ನಡಕದ ಗಾಜು ಉಜ್ಜುವ ಅಂಗಡಿ. ಗೋಡೆಯುದ್ದಕ್ಕೂ ತಿರುಗುವ ಚಕ್ರಗಳು, ಬಿಳಿ ಕೆಸರು, ಒದ್ದೆ ನೆಲ. ದಿನವಿಡೀ ಗಾಜನ್ನು ದೀಪಕ್ಕೆ ಹಿಡಿದು ಗೀರು ಹುಡುಕುವುದು ನನ್ನ ಕೆಲಸ. ಯಜಮಾನಿ ಒಳ್ಳೆಯವಳು, ಬಾಯಿ ಮಾತ್ರ ಜಾಸ್ತಿ. ಅದೂ ಒಳ್ಳೆಯದೇ, ನಾನು ಮಾತಾಡಬೇಕಾಗಿಲ್ಲ.

ಒಂದು ವಿಷಯ ಯಾರಿಗೂ ಹೇಳಿಲ್ಲ. ಕೊರೆಯುವುದನ್ನು ನಿಲ್ಲಿಸಿದ ದಿನ ನಾನು ಆ ಪೈಪಿನ ಹತ್ತಿರವೇ ಕೂತಿದ್ದೆ. ಮೇಲಿನ ಮಷೀನು ನಿಂತಾಗ ಒಳಗಿಂದ ಸಣ್ಣ ಸದ್ದು ಬಂದ ಹಾಗಾಯಿತು. ಟಕ್ ಟಕ್ ಟಕ್. ಆಮೇಲೆ ಸುಮ್ಮನೆ. ಮತ್ತೆ ಟಕ್ ಟಕ್ ಟಕ್. ಎಂಜಿನಿಯರನ್ನು ಕರೆದೆ. ಅವರು ಬಂದು ನಿಂತರು. "ಅದು ಆ ಕಡೆ ಪಂಪಿನ ಸದ್ದಮ್ಮ" ಅಂದರು. ಅಷ್ಟರಲ್ಲಿ ಜನ ಸಾಮಾನು ಕಟ್ಟುತ್ತಿದ್ದರು, ಲಾರಿಗಳು ಹೊರಟವು. ನನ್ನನ್ನೂ ಬಸ್ಸು ಹತ್ತಿಸಿದರು.

ನೀನು ಪಂಪ್ ರಿಪೇರಿ ಮಾಡುವವನು. ಪಂಪು ಹಾಗೆ ಸದ್ದು ಮಾಡುತ್ತದಾ?

ಅತ್ತಿಗೆ


ಮಾರ್ಚ್ 6

ಅತ್ತಿಗೆ,

ನೀವು ಬೇಡ ಅಂದಿರಿ. ನಾನು ಶುರು ಮಾಡಿಬಿಟ್ಟಿದ್ದೇನೆ. ಬೈಯಿರಿ.

ಅಮ್ಮನಿಂದಾಗಿ ಶುರುವಾಯಿತು. ಒಂದು ಸಂಜೆ ನಾನು ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ಅಳತೆ ಹಾಕುತ್ತಿದ್ದೆ. "ಇದೇನೋ ಇದು, ಆಮೆಗೆ ನಾಲ್ಕು ಚಕ್ರ?" ಅಂದಳು. ಹೇಳಿದೆ. ಅವಳು ಮೇಜಿನ ಮೇಲಿದ್ದ ಪಾತ್ರೆಗಳನ್ನೆಲ್ಲ ತೆಗೆದು ನೆಲಕ್ಕಿಟ್ಟಳು. ಅವತ್ತಿನಿಂದ ನಮ್ಮ ಊಟ ನೆಲದ ಮೇಲೆ, ಆಮೆಯ ಊಟ ಮೇಜಿನ ಮೇಲೆ.

ಅಣ್ಣ ಹೋದ ಅಂತ ಅವಳು ಇನ್ನೂ ಒಪ್ಪಿಲ್ಲ ಅತ್ತಿಗೆ. ಅವನು ಒಳಗೆ ಎಲ್ಲೋ ದಾರಿ ತಪ್ಪಿ ಕೂತಿದ್ದಾನೆ ಅನ್ನುತ್ತಾಳೆ. ಎಲೆಕ್ಟ್ರಿಷಿಯನ್ ಅಲ್ಲವಾ, ಕತ್ತಲೆಗೆ ಹೆದರುವವನಲ್ಲ ಅನ್ನುತ್ತಾಳೆ. ನಾನು ವಾದಕ್ಕೆ ಹೋಗುವುದಿಲ್ಲ.

ಗಾಡಿಯ ಕಥೆ ಕೇಳಿ. ಅಂಗಡಿಯಲ್ಲಿ ಸಿಗುವ ಕ್ರಾಲರುಗಳ ಹೊಟ್ಟೆ ಎತ್ತರ, ಪೈಪಿನಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಅಲ್ಯೂಮಿನಿಯಂ ತಗಡನ್ನು ನಾನೇ ಕತ್ತರಿಸಿ ಚಾಸಿ ಮಾಡಿದೆ, ಉದ್ದಕ್ಕೆ, ತಗ್ಗಾಗಿ, ನಾಯಿಮರಿ ಮೈ ಮುರಿದ ಹಾಗೆ. ಮೋಟಾರು ಪುಟ್ಟದು, ಆದರೆ ಗೇರಿನ ಮೇಲೆ ಗೇರು ಹಾಕಿದ್ದೇನೆ. ವೇಗವೆಲ್ಲ ಬಲವಾಗಿಬಿಡುತ್ತದೆ. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ನೀವು ಒಂದು ಲೋಟ ನೀರು ಕುಡಿದು ಮುಗಿಸಬಹುದು. ಆದರೆ ಎದುರಿಗೆ ಇಟ್ಟಿಗೆ ಇಟ್ಟರೆ ಇಟ್ಟಿಗೆಯನ್ನೇ ತಳ್ಳಿಕೊಂಡು ಹೋಗುತ್ತದೆ. ಹಿಂದಿನ ಚಕ್ರಗಳೂ ತಿರುವು ತೆಗೆದುಕೊಳ್ಳುವ ಹಾಗೆ ಮಾಡಿದ್ದೇನೆ. ಒಳಗೆ ಸಿಕ್ಕಿಕೊಂಡರೆ ಏಡಿಯಂತೆ ಪಕ್ಕಕ್ಕೆ ಸರಿಯಬೇಕಲ್ಲ.

ನೀವು ಖಡಾಖಂಡಿತವಾಗಿ ನಿಲ್ಲಿಸು ಅಂದರೆ ಬಿಚ್ಚಿ ಡಬ್ಬಿಗೆ ಹಾಕುತ್ತೇನೆ. ಇನ್ನೊಂದು ಸಲ ಹೇಳಿ, ಅಷ್ಟೇ.

ಬೋಲ್ಟು


ಮಾರ್ಚ್ 18

ಬೋಲ್ಟು,

ಪಂಪಿನ ಬಗ್ಗೆ ಕೇಳಿದ್ದೆ. ಗೇರು, ಚಕ್ರ, ನಾಯಿಮರಿ ಎಲ್ಲ ಬರೆದೆ. ಅದನ್ನು ಬಿಟ್ಟೆ.

ಕ್ಯಾಮೆರಾದ ಮುಂದೆ ಏನು ಹಾಕುತ್ತೀಯ? ಪ್ಲಾಸ್ಟಿಕ್ಕಾದರೆ ಮೊದಲ ಕಲ್ಲಿಗೇ ಗೀರಾಗಿ ಮಂಜಾಗುತ್ತದೆ. ಅಳತೆ ಕಳಿಸು. ಗಾಜು ನಾನು ಉಜ್ಜಿ ಕೊಡುತ್ತೇನೆ.

ನಿಲ್ಲಿಸು ಅಂತ ಬರೆಯಲು ಕೂತೆ. ಎರಡು ದಿನ ಕೂತೆ. ಬರಲಿಲ್ಲ.

ಅತ್ತಿಗೆ


ಏಪ್ರಿಲ್ 15

ಅತ್ತಿಗೆ,

ಗಾಜು ಬಂತು. ಹತ್ತಿಯಲ್ಲಿ, ಅದರ ಮೇಲೆ ಕಾಗದ, ಅದರ ಮೇಲೆ ಬಟ್ಟೆ, ಅದರ ಮೇಲೆ ಡಬ್ಬಿ. ಅಮ್ಮ ಬಿಚ್ಚಿ ಬಿಚ್ಚಿ, "ಇದರೊಳಗೆ ಏನಾದರೂ ಇದೆಯೋ ಇಲ್ಲವೋ" ಅಂದಳು. ದೀಪಕ್ಕೆ ಹಿಡಿದು ನೋಡಿದೆ. ಗಾಜು ಇದೆ ಅಂತಲೇ ಕಾಣುವುದಿಲ್ಲ. ಕ್ಯಾಮೆರಾಗೆ ಚೌಕಟ್ಟು ಮಾಡಿ ಕೂರಿಸಿದೆ. ಅಮ್ಮ ಅದರ ಮುಂದೆ ಕೂತು ಕೂದಲು ಸರಿಮಾಡಿಕೊಂಡಳು.

ನಿನ್ನೆ ಹೊಳೆಗೆ ತೆಗೆದುಕೊಂಡು ಹೋಗಿದ್ದೆ. ಮೊದಲ ಬಂಡೆಗೇ ಮಗುಚಿಕೊಂಡು ನಾಲ್ಕು ಕಾಲೂ ಮೇಲೆ ಮಾಡಿತು. ಅಮ್ಮ ಇಟ್ಟ ಹೆಸರು ಸಾರ್ಥಕ. ಕ್ಯಾಮೆರಾ ಮೇಲಿದ್ದದ್ದರಿಂದ ತಲೆಭಾರ. ಸಂಜೆ ವರ್ಕ್‌ಶಾಪಿನ ಲೇತ್ ಮೇಲೆ ಹಿತ್ತಾಳೆಯ ಬಳೆಗಳನ್ನು ಕಡೆದು ಚಕ್ರದ ಒಳಗೇ ಕೂರಿಸಿದೆ. ಈಗ ಭಾರವೆಲ್ಲ ನೆಲದ ಹತ್ತಿರ ಇದೆ. ಟೈರಿನೊಳಗಿನ ಗಾಳಿ ತೆಗೆದು ಸ್ಪಂಜು ತುಂಬಿದೆ, ಕಲ್ಲಿನ ಮೇಲೆ ಹೊಟ್ಟೆ ಒತ್ತಿ ಅಪ್ಪಿಕೊಳ್ಳುತ್ತದೆ. ಮತ್ತೆ ಹೋದೆ. ನನ್ನ ಸೊಂಟದೆತ್ತರದ ಬಂಡೆ ಹತ್ತಿ ಆ ಕಡೆ ಇಳಿಯಿತು.

ನಾನು ಕಟ್ಟುವವನೇ ಹೊರತು ಓಡಿಸುವವನಲ್ಲ. ಓಡಿಸುವ ಕೈ ಅಣ್ಣನದು. ನಾನು ಗುಂಡಿ ಒತ್ತಿಹಿಡಿದು ಹಠ ಮಾಡಿದಾಗೆಲ್ಲ ಅವನು, "ಬಂಡೆ ಜೊತೆ ಜಗಳ ಆಡಬೇಡ ಕಣೋ. ಎಲ್ಲಿ ಕಾಲಿಡು ಅನ್ನುತ್ತೋ ಅಲ್ಲಿಡು" ಅನ್ನುತ್ತಿದ್ದ. ನಿನ್ನೆ ಹಾಗೇ ಮಾಡಿದೆ.

ಪಂಪಿನ ವಿಷಯ. ಹಳೆಯ ಪಂಪಾದರೆ, ಬೇರಿಂಗ್ ಸವೆದಿದ್ದರೆ ಬಡಿಯುತ್ತದೆ. ಆದರೆ ಒಂದೇ ಸಮನೆ ಬಡಿಯುತ್ತದೆ. ಮೂರು ಬಡಿದು, ನಿಂತು, ಮತ್ತೆ ಮೂರು ಬಡಿಯುವ ಪಂಪನ್ನು ನಾನು ನೋಡಿಲ್ಲ. ಲೋಕದಲ್ಲಿ ನಾನು ನೋಡದ ಪಂಪು ಎಷ್ಟೋ ಇರಬಹುದು.

ಬೋಲ್ಟು


ಏಪ್ರಿಲ್ 27

ಬೋಲ್ಟು,

ಹೇಳಿದ್ದು ಒಳ್ಳೆಯದಾಯಿತು. ಇರಬಹುದು ಅಂತ ಸೇರಿಸಿದ್ದೂ.

ಹೋಗಲಿ, ಕಳಿಸು ಆ ಗಾಡಿಯನ್ನು. ಆದರೆ ನೋಡಿದ್ದನ್ನು ನೋಡಿದ ಹಾಗೆ ಬರೆಯಬೇಕು. ಪಾಲಿಶ್ ಮಾಡಬೇಡ. ನನ್ನ ಕಣ್ಣಿಗೆ ಗೊತ್ತಾಗುತ್ತದೆ.

ಇಲ್ಲಿ ಯಜಮಾನಿ ನನಗೊಂದು ಹೊಸ ಕೊಡೆ ಕೊಟ್ಟಳು. ಯಾಕೆ ಅಂದೆ. "ನೀನು ನೆನೆದುಕೊಂಡು ಬರ್ತೀಯ, ನಿನಗೆ ಗೊತ್ತೂ ಆಗಲ್ಲ" ಅಂದಳು. ನನಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಅತ್ತಿಗೆ


ಮೇ 19

ಅತ್ತಿಗೆ,

ಮೊದಲ ಸಲ ಒಳಗೆ ಬಿಟ್ಟೆ. ಸೋತು ಬಂದೆ. ಪೂರ್ತಿ ಬರೆಯುತ್ತೇನೆ.

ಬೆಳಗ್ಗೆಯೇ ಹೋಗಿದ್ದೆ. ಕಾವಲುಗಾರ ಇದ್ದಾನಲ್ಲ, ಆ ದಪ್ಪ ಮೀಸೆಯವನು, ನಿಮಗೆ ಆಗ ಬಿಸಿನೀರು ತಂದುಕೊಡುತ್ತಿದ್ದನಲ್ಲ, ಅವನೇ ಇದ್ದ. ಗಾಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಕಂಪನಿಯ ಬೋರ್ಡು ಓದಿದ. "ಒಳಗೆ ಮನುಷ್ಯರಿಗೆ ಪ್ರವೇಶವಿಲ್ಲ ಅಂತಿದೆ. ಆಮೆಗೆ ಇಲ್ಲ ಅಂತ ಎಲ್ಲೂ ಬರೆದಿಲ್ಲ" ಅಂದು ಬೆನ್ನು ತಿರುಗಿಸಿ ಕೂತುಬಿಟ್ಟ.

ಪೈಪಿನಲ್ಲಿ ಸಲೀಸಾಗಿ ಹೋಯಿತು. ಕೆಸರು, ತುಕ್ಕು, ಒಂದು ಸತ್ತ ಹಲ್ಲಿ. ಜಜ್ಜಿದ ಜಾಗ ಬಂತು. ಅಲ್ಲಿ ಪೈಪು ಸೀಳಿಹೋಗಿದೆ ಅತ್ತಿಗೆ, ತುಂಡಾಗಿಲ್ಲ. ಸೀಳಿನಿಂದ ಹೊರಗೆ ಬರಲು ನನ್ನ ಗಾಡಿಗೆ ಸರಿಯಾದ ಜಾಗ. ಮೂತಿ ಹೊರಗೆ ಹಾಕಿ ಮೊದಲ ಕಲ್ಲಿಗೆ ಕಾಲಿಡುವಷ್ಟರಲ್ಲಿ ರಿಮೋಟು ಕೈಕೊಟ್ಟಿತು. ಗುಡ್ಡ ರೇಡಿಯೊವನ್ನು ಕುಡಿದುಬಿಡುತ್ತದೆ. ಸದ್ಯ, ಬಾಲಕ್ಕೆ ಹಗ್ಗ ಕಟ್ಟಿದ್ದೆ, ಎಳೆದುಕೊಂಡೆ.

ಈಗ ಉಪಾಯ ಸಿಕ್ಕಿದೆ. ಸಣ್ಣ ಕೇಬಲ್ಲಿನ ತುದಿಗೆ ಆಂಟೆನಾ ಕಟ್ಟಿ ಗಾಡಿಯ ಹಿಂದೆಯೇ ಒಳಗೆ ಕಳಿಸುವುದು. ನಾನು ಹೊರಗೆ ಕೂತು ಗುಂಡಿ ಒತ್ತಿದರೆ ಮಾತು ಕೇಬಲ್ಲಿನಲ್ಲಿ ಒಳಗೆ ಹೋಗಿ ಅಲ್ಲಿಂದ ಗಾಡಿಗೆ ಹಾರುತ್ತದೆ. ಮನೆಯಲ್ಲಿ ಪ್ರಯೋಗ ನಡೆದಿದೆ. ಅಮ್ಮ ಕೇಬಲ್ಲಿನ ಸುರುಳಿ ಹಿಡಿದುಕೊಂಡು ಹೊಸಿಲ ಮೇಲೆ ಕೂರುತ್ತಾಳೆ, ಆಮೆ ಮಂಚದ ಕೆಳಗೆ, ಬೀರುವಿನ ಹಿಂದೆ ಎಲ್ಲ ಹೋಗಿ ಬರುತ್ತದೆ. ಅವಳು ಕಳೆದುಕೊಂಡಿದ್ದ ಚಪ್ಪಲಿ ಸಿಕ್ಕಿತು.

ಇನ್ನೊಂದು ಹೇಳಬೇಕು. ಅವಳು ಗಾಡಿಯ ಬೆನ್ನಿಗೆ ಒಂದು ಬಿಸ್ಕೆಟ್ ಪ್ಯಾಕೆಟ್ ಕಟ್ಟಿದ್ದಾಳೆ. ದಾರದಲ್ಲಿ, ಗಂಟಿನ ಮೇಲೆ ಗಂಟು. "ಭಾರ ಆಗುತ್ತಮ್ಮ, ಮಗುಚಿಕೊಳ್ಳುತ್ತೆ" ಅಂದೆ. "ಹಸಿದಿರ್ತಾನೆ" ಅಂದಳು. ನಾನು ಮುಂದಿನ ಚಕ್ರಗಳಿಗೆ ಇನ್ನೊಂದೊಂದು ಹಿತ್ತಾಳೆ ಬಳೆ ಹಾಕಿ ತೂಕ ಸರಿಮಾಡಿದೆ.

ಬೋಲ್ಟು


ಜೂನ್ 11

ಅತ್ತಿಗೆ,

ಮತ್ತೆ ಹೋಗಿದ್ದೆ. ಏನೂ ಕಾಣಿಸಲಿಲ್ಲ. ಬರೀ ಕಲ್ಲು. ಎಂಜಿನಿಯರು ಹೇಳಿದ್ದೇ ಸರಿ ಇರಬೇಕು. ಕೇಬಲ್ಲು ಕಲ್ಲಿಗೆ ಸಿಕ್ಕಿಕೊಂಡು ಗಾಡಿ ಒಳಗೇ ಉಳಿಯಿತು. ಇಲ್ಲಿಗೆ ಇದನ್ನು ಬಿಡೋಣ.

ಅಮ್ಮ ಚೆನ್ನಾಗಿದ್ದಾಳೆ. ನೀವು ಹುಷಾರು.

ಬೋಲ್ಟು


ಜೂನ್ 22

ಬೋಲ್ಟು,

ಸೋತು ಬಂದ ದಿನ ಎರಡು ಹಾಳೆ ಬರೆದೆ. ಸತ್ತ ಹಲ್ಲಿಯನ್ನೂ ಬಿಡಲಿಲ್ಲ. ಈ ಸಲದ ಕಾಗದದಲ್ಲಿ ಒಂದು ಕಲ್ಲಿಗೂ ಬಣ್ಣವಿಲ್ಲ, ಆಕಾರವಿಲ್ಲ. ನಾಲ್ಕು ತಿಂಗಳು ಕಟ್ಟಿದ ಗಾಡಿ ಒಳಗೇ ಹೋಯಿತು, ಅದಕ್ಕೆ ಅರ್ಧ ಸಾಲು.

ನೀನು ನೋಡಿದ್ದೀಯ.

ನನಗೆ ಒಳ್ಳೆಯದು ಮಾಡಬೇಕು ಅಂತ ಮುಚ್ಚಿಟ್ಟಿದ್ದೀಯ ಅಂತ ಗೊತ್ತು. ಆದರೆ ಒಂದೇ ಕ್ಷಣ ಅನ್ನುವ ಮಾತು ನಿನ್ನ ಕಾಗದ ಬಂದ ದಿನವೇ ಹೋಯಿತು. ಈಗ ಅದೂ ಇಲ್ಲ, ನಿಜವೂ ಇಲ್ಲ. ಕೆಲಸ ಮಾಡುವಾಗ ಕೈಯಲ್ಲಿ ಗಾಜು ಒಡೆಯಿತು. ನಾನು ಎಂದೂ ಒಡೆದವಳಲ್ಲ.

ಅವರನ್ನು ನೋಡಿದೆಯಾ? ಒಬ್ಬರೇ ಇದ್ದರಾ? ಆ ಪೈಪು ಒಳಗೆ ಹೇಗಿದೆ? ಈ ಮೂರಕ್ಕೆ ಉತ್ತರ ಬರೆ. ಬೇರೆ ಏನೂ ಬರೆಯಬೇಡ.

ಅತ್ತಿಗೆ


ಜುಲೈ 8

ಅತ್ತಿಗೆ,

ಇದನ್ನು ಬರೆಯಲು ಇಷ್ಟು ದಿನ ಹಿಡಿಯಿತು. ಓದುವಾಗ ಯಜಮಾನಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಪೈಪಿನ ಸೀಳಿನಿಂದ ಹೊರಬಂದ ಮೇಲೆ ಕಲ್ಲಿನ ರಾಶಿ, ಬೂದುಬಣ್ಣದ ಚೂಪು ಕಲ್ಲುಗಳು. ಬಹಳ ಹೊತ್ತು ಹಿಡಿಯಿತು. ಎರಡು ಸಲ ಜಾರಿತು, ಒಂದು ಸಲ ಏಡಿಯ ಹಾಗೆ ಸರಿದು ತಪ್ಪಿಸಿಕೊಂಡಿತು. ರಾಶಿಯ ತುದಿ ಹತ್ತಿ ಆ ಕಡೆ ಇಳಿದರೆ ಮೇಲಿನ ಬಂಡೆ ಕೂತಿಲ್ಲ, ಹಾಗೇ ನಿಂತಿದೆ. ಕೆಳಗೆ ನಮ್ಮ ಅಡುಗೆಮನೆಯಷ್ಟು ಜಾಗ ಖಾಲಿ.

ಒಂದು ಕಡೆ ಕಲ್ಲುಗಳನ್ನು ಒತ್ತಟ್ಟಿಗೆ ಜೋಡಿಸಿ ಒರಗಲು ಗೋಡೆ ಮಾಡಿದ್ದಾರೆ. ಬಿದ್ದ ಕಲ್ಲು ಹಾಗೆ ಬೀಳುವುದಿಲ್ಲ, ಅದು ಕೈಯಿಂದ ಮಾಡಿದ್ದು. ಇಬ್ಬರ ಊಟದ ಡಬ್ಬಿಗಳನ್ನೂ ಬೋರಲು ಹಾಕಿಟ್ಟಿದ್ದಾರೆ. ಮೇಲಿಂದ ನೀರು ತೊಟ್ಟಿಕ್ಕುವ ಕಡೆ ಹೆಲ್ಮೆಟ್ಟನ್ನು ಅಂಗಾತ ಇಟ್ಟಿದ್ದಾರೆ. ಅದು ತುಂಬಿ ಹೊರಗೆ ಹರಿಯುತ್ತಿತ್ತು.

ತಾತ ಮಲಗಿದ್ದಾರೆ. ಅವರ ಮುಖದ ಮೇಲೆ ಅಣ್ಣನ ಜಾಕೀಟು ಹೊದಿಸಿದೆ. ನೀವು ಹೊಲಿದುಕೊಟ್ಟ ಹಸಿರು ಜೇಬು ಇರುವುದು. ಅಂದರೆ ಕೊನೆಗೆ ಅಣ್ಣ ಒಬ್ಬನೇ ಇದ್ದ. ಎಷ್ಟು ದಿನ ಅಂತ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ.

ಅವನು ಪೈಪಿನ ಒಳತುದಿಯ ಪಕ್ಕ ಕೂತಿದ್ದಾನೆ. ಕಾಲು ಚಾಚಿ, ಬೆನ್ನು ಒರಗಿಸಿ. ನಾನು ಕ್ಯಾಮೆರಾ ಮೇಲೆತ್ತಲಿಲ್ಲ, ಮುಖ ನೋಡಲಿಲ್ಲ. ಕೈ ನೋಡಿದೆ. ಕೈ ಹತ್ತಿರ ಸ್ಪ್ಯಾನರಿದೆ.

ಪೈಪಿನ ಬಗ್ಗೆ ಕೇಳಿದಿರಿ. ಪೂರ್ತಿ ತುಕ್ಕು ಹಿಡಿದ ಪೈಪು. ಒಂದೇ ಒಂದು ಜಾಗದಲ್ಲಿ, ಅಂಗೈ ಅಗಲ, ತುಕ್ಕೆಲ್ಲ ಉದುರಿ ಹೊಳೆಯುತ್ತಿದೆ. ನೆಗ್ಗುಗಳ ಮೇಲೆ ನೆಗ್ಗು. ಬಡಿದು ಬಡಿದು ಆದದ್ದು.

ಅದನ್ನು ನಿಮಗೆ ಹೇಗೆ ಬರೆಯಲಿ ಅಂತಲೇ ಏನೂ ಇಲ್ಲ ಅಂತ ಬರೆದೆ.

ವಾಪಸ್ಸು ಬರುವಾಗ ಕೇಬಲ್ಲು ಸಿಕ್ಕಿಕೊಂಡಿತು. ಜೋರಾಗಿ ಎಳೆದರೆ ಬರುತ್ತಿತ್ತೇನೋ. ಎಳೆಯಲಿಲ್ಲ. ಅಮ್ಮ ಕಟ್ಟಿದ ಬಿಸ್ಕೆಟ್ ಪ್ಯಾಕೆಟ್ ಅದರ ಬೆನ್ನ ಮೇಲೆ ಹಾಗೇ ಇತ್ತು. ಮತ್ತೆ ಅವನ ಹತ್ತಿರಕ್ಕೇ ತಿರುಗಿಸಿ ನಿಲ್ಲಿಸಿದೆ. ಬ್ಯಾಟರಿ ಮುಗಿಯುವವರೆಗೆ ಪರದೆ ನೋಡುತ್ತಾ ಕೂತಿದ್ದೆ. ಕಾವಲುಗಾರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಸಾಕು ಮಗಾ, ಏಳು" ಅಂದ.

ಬೋಲ್ಟು


ಜುಲೈ 17

ಬೋಲ್ಟು,

ಓದಿದೆ. ಒಬ್ಬಳೇ ಓದಿದೆ.

ನನಗೆ ಕೇಳಿಸಿತ್ತು. ಹತ್ತು ಹೆಜ್ಜೆ ದೂರದಲ್ಲಿ ಅಷ್ಟು ಜನ ನಿಂತಿದ್ದರು, ಅವರಲ್ಲಿ ನನಗೊಬ್ಬಳಿಗೆ ಕೇಳಿಸಿತ್ತು. ಪಂಪು ಅಂದರು. ನಾನು ಆಗಲಿ ಅಂದೆ. ಜಗಳ ಆಡಬಹುದಿತ್ತು, ಲಾರಿಯ ಮುಂದೆ ಮಲಗಬಹುದಿತ್ತು. ಆಗಲಿ ಅಂದು ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಬೇಕಾ ಅಂತ ಯಾರೋ ಕೇಳಿದರು, ಬೇಕು ಅಂದೆ. ಅದೂ ನೆನಪಿದೆ.

ನಿನ್ನ ಮೇಲೆ ಕೋಪವಿಲ್ಲ. ಕೇಳಿದವಳು ನಾನು.

ರೆಕಾರ್ಡ್ ಆಗಿದೆಯಲ್ಲ, ಅದನ್ನು ಕಂಪನಿಗೆ ತೋರಿಸು. ಅವರು ಎಲ್ಲಿದ್ದಾರೆ ಅಂತ ಈಗ ಗೊತ್ತು. ತೆಗೆದು ಕೊಡಲಿ. ಅಷ್ಟಾದರೂ ಮಾಡಲಿ.

ಅತ್ತಿಗೆ


ಆಗಸ್ಟ್ 14

ಅತ್ತಿಗೆ,

ತೋರಿಸಿದೆ. ದೊಡ್ಡ ಮೇಜು, ನೀರಿನ ಬಾಟಲಿಗಳು, ಏಳೆಂಟು ಜನ. ಎಂಜಿನಿಯರು ಪೂರ್ತಿ ನೋಡಿದರು. ಹೊಳೆಯುವ ಜಾಗ ಬಂದಾಗ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಬಹಳ ಹೊತ್ತು ಈ ಕಡೆ ತಿರುಗಲಿಲ್ಲ. ಬೈಯಬೇಕು ಅಂತ ಮಾತು ಜೋಡಿಸಿಕೊಂಡು ಹೋಗಿದ್ದೆ, ಆ ಬೆನ್ನಿಗೆ ಏನಂತ ಬೈಯಲಿ?

ತೆಗೆಯುವುದಿಲ್ಲವಂತೆ. ಮೇಲಿನ ಗುಡ್ಡ ಬಿರುಕು ಬಿಟ್ಟಿದೆ, ಮತ್ತೆ ಕೈ ಹಾಕಿದರೆ ಹೋದವರ ಮೇಲೆ ಬದುಕಿರುವವರೂ ಸಾಯುತ್ತಾರೆ ಅಂದರು. ನಕ್ಷೆ ಹರಡಿ ತೋರಿಸಿದರು. ಸುಳ್ಳು ಹೇಳುತ್ತಿದ್ದಾರೆ ಅಂತ ಎಷ್ಟು ಹುಡುಕಿದರೂ ನನಗೆ ಸುಳ್ಳು ಸಿಗಲಿಲ್ಲ. ಬಿರುಕನ್ನು ನಾನೂ ಹೋಗಿ ನೋಡಿದೆ, ನನ್ನ ತೋಳು ಒಳಗೆ ಹೋಗುತ್ತದೆ. ಮುಂದಿನ ತಿಂಗಳು ಇಪ್ಪತ್ತಕ್ಕೆ ಪೈಪಿನ ಬಾಯಿಂದ ಕಾಂಕ್ರೀಟು ತುಂಬಿ ಮುಚ್ಚುತ್ತಾರೆ. ಹೆಂಡತಿಗೆ, ತಾಯಿಗೆ ಮಾತ್ರ ಅಲ್ಲಿಗೆ ಬರಲು ಅನುಮತಿ. ತಾತನಿಗೆ ಯಾರೂ ಇಲ್ಲವಂತೆ. ನನಗೆ ಅನುಮತಿಯಿಲ್ಲ, ಅಪ್ಪಣೆಯಿಲ್ಲದೆ ಒಳಗೆ ಹೋದವನು ಅಂತ. ಕಾವಲುಗಾರನನ್ನು ಕೆಲಸದಿಂದ ತೆಗೆದರು. ಮನೆಗೆ ಹೋಗಿದ್ದೆ. ಬಾಗಿಲು ತೆರೆದು, "ಬಾ, ಕಾಫಿ ಕುಡಿ" ಅಂದ.

ಅಮ್ಮನಿಗೆ ಎಲ್ಲ ಹೇಳಿದೆ. ಕೇಳಿಸಿಕೊಂಡಳು. "ನೀನು ಮುಖ ನೋಡಿದೆಯಾ?" ಅಂದಳು. ಇಲ್ಲ ಅಂದೆ. "ಹಾಗಾದರೆ ಅದು ಬೇರೆ ಯಾರೋ" ಅಂದು ಒಲೆ ಹಚ್ಚಲು ಹೋದಳು.

ಕ್ಯಾಮೆರಾ ಯಾಕೆ ಎತ್ತಲಿಲ್ಲ ಅಂತ ದಿನಾ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಎತ್ತಿದ್ದರೆ ಅವಳಿಗೆ ಏನಂತ ಹೇಳುತ್ತಿದ್ದೆ ಅಂತಲೂ.

ನೀವು ಬರುತ್ತೀರಾ?

ಬೋಲ್ಟು


ಸೆಪ್ಟೆಂಬರ್ 24

ಬೋಲ್ಟು,

ಗೇಟಿನ ಹೊರಗೆ ನೀನು ನಿಂತಿದ್ದು ನೋಡಿದೆ. ಹೋಗುವಾಗಲೂ ನೋಡಿದೆ, ಬರುವಾಗಲೂ. ನಿಲ್ಲಲಿಲ್ಲ. ಅತ್ತೆಯನ್ನು ನಿನ್ನ ಕೈಗೆ ಒಪ್ಪಿಸಿ ಹಾಗೇ ಬಸ್ಸಿಗೆ ಹೋದೆ. ನೀನು ಬಾಯಿ ತೆರೆದಿದ್ದರೆ ನಾನು ಅಲ್ಲೇ ಬಿದ್ದುಹೋಗುತ್ತಿದ್ದೆ. ನೀನು ತೆರೆಯಲಿಲ್ಲ. ಅದಕ್ಕೆ ನಾನು ಋಣಿ.

ಗೇಟಿನೊಳಗೆ ಏನು ನಡೆಯಿತು ಅಂತ ನಿನಗೆ ತಿಳಿಸುವವರು ಯಾರೂ ಇಲ್ಲ. ಅತ್ತೆ ಹೇಳುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಕಾಂಕ್ರೀಟಿನ ಲಾರಿ ನಾವು ಹೋಗುವ ಮೊದಲೇ ಬಂದು ನಿಂತಿತ್ತು. ಅದರ ಡ್ರಮ್ಮು ತಿರುಗುತ್ತಲೇ ಇರುತ್ತದಲ್ಲ, ಆ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ದಪ್ಪ ಕೊಳವೆಯನ್ನು ಪೈಪಿನ ಬಾಯಿಯ ಹತ್ತಿರ ತಂದಿಟ್ಟಿದ್ದರು. ಹೊಸ ಬೂಟು ಹಾಕಿದ ಇಬ್ಬರು ಕೆಲಸಗಾರರು, ಎಂಜಿನಿಯರು, ಡ್ರೈವರು, ನಾವಿಬ್ಬರು. ಎಂಜಿನಿಯರು ನನ್ನ ಹತ್ತಿರ ಬಂದು ಏನೋ ಹೇಳಲು ನೋಡಿದರು. ನಾನು ಬೇರೆ ಕಡೆ ನೋಡಿದೆ. ಅವರು ಹಿಂದೆ ಸರಿದು ನಿಂತರು.

ಅತ್ತೆ ನೇರವಾಗಿ ಪೈಪಿನ ಹತ್ತಿರ ಹೋದರು. ಕೆಸರಿನಲ್ಲೇ ಮಂಡಿಯೂರಿದರು. ನಾನು ಹಿಡಿದುಕೊಳ್ಳಲು ಹೋದೆ, ಕೈ ಕೊಡವಿದರು. ಪೈಪಿನೊಳಗೆ ತಲೆ ಇಟ್ಟು ಕೂಗಿದರು. ಹೆಸರು ಹಿಡಿದಲ್ಲ. "ಏಳೋ, ಹೊತ್ತಾಯ್ತು. ಮನೆಗೆ ಬಾ" ಅಂದರು. ಶಾಲೆಗೆ ಹೋಗುವ ಮಗುವನ್ನು ಎಬ್ಬಿಸುವ ದನಿ. ಮೂರು ನಾಲ್ಕು ಸಲ ಕೂಗಿದರು. ಆಮೇಲೆ ಕಿವಿ ಹಚ್ಚಿದರು.

ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತಿ ಲಾರಿಯ ಕಡೆ ಕೈ ಮಾಡಿ, "ಅದನ್ನು ನಿಲ್ಲಿಸಪ್ಪ. ಏನೂ ಕೇಳಿಸ್ತಿಲ್ಲ" ಅಂದರು.

ಡ್ರೈವರು ಎಂಜಿನಿಯರ ಮುಖ ನೋಡಲಿಲ್ಲ. ಹತ್ತಿ ಹೋಗಿ ನಿಲ್ಲಿಸಿದ.

ಅಷ್ಟು ನಿಶ್ಶಬ್ದವನ್ನು ನಾನು ಕೇಳಿಯೇ ಇಲ್ಲ ಬೋಲ್ಟು. ಎಲ್ಲರೂ ನಿಂತಲ್ಲೇ ನಿಂತರು. ಕೆಲಸಗಾರರು ಟೋಪಿ ತೆಗೆದರು. ಒಬ್ಬ ಉಸಿರು ಬಿಗಿಹಿಡಿದಿದ್ದ, ನನಗೆ ಕಾಣಿಸುತ್ತಿತ್ತು. ಎಂಜಿನಿಯರು ಕಣ್ಣು ಮುಚ್ಚಿಕೊಂಡು ಕಿವಿಗೊಟ್ಟಿದ್ದರು. ಒಂದು ವರ್ಷದ ಹಿಂದೆ ಹೀಗೆ ನಿಂತಿದ್ದರೆ ಸಾಕಿತ್ತು. ನಾನೂ ಕೇಳಿದೆ. ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬೇರೆ ಏನೂ ಇಲ್ಲ.

ಅತ್ತೆ ಏಳಲಿಲ್ಲ. ನೆರಳು ಇನ್ನೊಂದು ಕಡೆಗೆ ಹೊರಳಿತು. ಡ್ರಮ್ಮಿನೊಳಗೆ ಗಟ್ಟಿಯಾಗಿಬಿಡುತ್ತದೆ ಅಂತ ಕೆಲಸಗಾರರು ಪರಸ್ಪರ ಕಣ್ಣಲ್ಲೇ ಹೇಳಿಕೊಂಡರು, ಬಾಯಿ ಬಿಟ್ಟು ಯಾರೂ ಹೇಳಲಿಲ್ಲ. ಕೊನೆಗೆ ನಾನು ಹೋಗಿ ಅವರ ತೋಳು ಹಿಡಿದು ಎಬ್ಬಿಸಿದೆ. ಈ ಸಲ ಕೊಡವಲಿಲ್ಲ. ಅವರ ಭಾರ ಏನೂ ಇರಲಿಲ್ಲ.

ಇನ್ನು ನನಗೆ ಬರೆಯಬೇಡ. ನಾನು ನಿನ್ನ ಕಾಗದಗಳನ್ನು ಈಗ ಓದುವುದಿಲ್ಲ, ಬೆಳಕಿಗೆ ಹಿಡಿಯುತ್ತೇನೆ. ಎಲ್ಲವನ್ನೂ ಬರೆದಿದ್ದಾನಾ, ಏನಾದರೂ ಬಿಟ್ಟಿದ್ದಾನಾ ಅಂತ. ನೀನು ಹಾಗೆ ಓದಿಸಿಕೊಳ್ಳಬೇಕಾದವನಲ್ಲ. ಅತ್ತೆಯನ್ನು ನೋಡಿಕೋ.

ಡ್ರೈವರು ಮತ್ತೆ ಲಾರಿ ಹತ್ತಿ, ಕೀಲಿಯ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆಯಾಡಿಸಿದೆ, ಆಗಲಿ ಅಂತ.

ನಿನ್ನ ಅತ್ತಿಗೆ